ಫಾಸ್ಟರ್ ಕೇರ್ ಮಕ್ಕಳಿಗಾಗಿ 5ಕೆ ಓಟ ಮಾಡಿ ದುಡ್ಡು ಕೂಡಿಸಲಾ, ಇಲ್ಲ ನಾನೇ ಕಾಸಾ ವಾಲಂಟಿಯರ್ ಆಗಲಾ?

ಅಮೆರಿಕದಲ್ಲಿ ನೌಕರಿ, ಕನ್ನಡ ಕೂಟದ ನಲವತ್ತು ಗೆಳೆಯರು, ಕೈಯಲ್ಲಿ ಶನಿವಾರ ಭಾನುವಾರ. ಫಾಸ್ಟರ್ ಕೇರ್ ಮಕ್ಕಳಿಗಾಗಿ, ಅಂದರೆ ಹೆತ್ತವರ ಬಳಿ ಇರಲಾಗದೆ ಬೇರೆಯವರ ಮನೆಯಲ್ಲಿ ತಾತ್ಕಾಲಿಕವಾಗಿ ಬೆಳೆಯುವ ಮಕ್ಕಳಿಗಾಗಿ, ಓಟವೂ ಆಗಬೇಕು, ಕಾಸಾ (ಇಂಥ ಮಗುವನ್ನು ಭೇಟಿ ಮಾಡಿ ಅದರ ಸ್ಥಿತಿ ಕೋರ್ಟಿಗೆ ತಿಳಿಸುವ ವಾಲಂಟಿಯರ್‌ಗಳ ಸಂಸ್ಥೆ) ಸೇರಿ ಒಂದು ಮಗುವಿನ ಪರ ಕೋರ್ಟಲ್ಲಿ ನಿಲ್ಲಲೂಬೇಕು, ಬಂದ ದುಡ್ಡು ಆಫೀಸ್ ಖರ್ಚಿಗೆ ಹೋಗದೆ ಪೂರ್ತಿ ಮಕ್ಕಳಿಗೇ ಸೇರಬೇಕು ಅಂತ ಬರೆದಿದ್ದೀರಿ. ಓದುವಾಗ ಇದು ನನ್ನದೇ ಪ್ರಶ್ನೆ ಅನ್ನಿಸಿತು. ಆರು ವರ್ಷದ ಹಿಂದೆ ನಾನು ಇಷ್ಟನ್ನೂ ಒಂದೇ ವರ್ಷದಲ್ಲಿ ಮಾಡಲು ಹೋಗಿದ್ದೆ.

ಮೊದಲು 30 ಗಂಟೆ ತರಬೇತಿ. ಹಿನ್ನೆಲೆ ತಪಾಸಣೆ. ಆಮೇಲೆ ಜಡ್ಜ್ ಮುಂದೆ ಬಲಗೈ ಎತ್ತಿ ಪ್ರಮಾಣ. ಒಬ್ಬ ಹುಡುಗನ ಕೇಸ್ ಕೊಟ್ಟರು. ಅವನ ಹೆಸರು, ವಯಸ್ಸು, ಊರು ಹೇಳುವ ಹಾಗಿಲ್ಲ, ಹೇಳುವುದೂ ಇಲ್ಲ. ಮೊದಲ ಎರಡು ಭೇಟಿಯಲ್ಲಿ ಬಾಯೇ ಬಿಡಲಿಲ್ಲ. ಮೂರನೇ ಸಲ ಒಂದು ಪುಸ್ತಕ ತಂದು ಪಕ್ಕದಲ್ಲಿ ಕೂತ. ಅಕ್ಷರದ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ, ಒಂದು ಸಾಲು ಮುಗಿಸಲು ಒಂದು ನಿಮಿಷ ತೆಗೆದುಕೊಳ್ಳುತ್ತಿದ್ದ. ಶಾಲೆಯಲ್ಲಿ ಒಬ್ಬರು ಟೀಚರ್ ದಿನಾ ಅರ್ಧ ಗಂಟೆ ಅವನೊಬ್ಬನನ್ನೇ ಕೂರಿಸಿಕೊಂಡು ಓದಿಸುತ್ತಿದ್ದರು. ಅವರ ಮಾತು ಬಂದಾಗ ಮಾತ್ರ ಅವನ ಮುಖ ಅರಳುತ್ತಿತ್ತು. ನಾನು ಹೊರಟಾಗ ಪ್ರತಿ ಸಲ ಒಂದೇ ಪ್ರಶ್ನೆ: "ಮತ್ತೆ ಯಾವ ಗುರುವಾರ?"

ಅದೇ ಹೊತ್ತಿಗೆ ನಮ್ಮ ಓಟದ ತಯಾರಿ. ನಾನೇ ಮುಂದಾಳು. ಪರ್ಮಿಟ್, ಟೀ ಶರ್ಟ್, ಸ್ಪಾನ್ಸರ್‌ಗಳು, ನೀರಿನ ಬಾಟಲಿ, ಎಲ್ಲಾ ನನ್ನ ತಲೆಯ ಮೇಲೆ. ಓಟ ಶನಿವಾರ, ನನ್ನ ತಿಂಗಳ ಭೇಟಿ ಅದಕ್ಕೆ ಎರಡು ದಿನ ಮೊದಲು. ಫಾಸ್ಟರ್ ತಾಯಿಗೆ ಫೋನ್ ಮಾಡಿ "ಮುಂದಿನ ವಾರ ಬರಲಾ?" ಅಂದೆ. ಆಕೆ ಸ್ವಲ್ಪ ತಡೆದು "ಆಯ್ತು" ಅಂದರು. ಮುಂದಿನ ವಾರ ಲೆಕ್ಕಪತ್ರ, ಥ್ಯಾಂಕ್ಯೂ ಕಾಗದಗಳು. ಸರಿ, ಕೋರ್ಟಿನ ಹಿಯರಿಂಗ್ (ವಿಚಾರಣೆ) ಮುಗಿದ ಮೇಲೆ ಹೋದರಾಯ್ತು ಅಂದುಕೊಂಡೆ. ಹುಡುಗ ಹೇಗಿದ್ದಾನೆ ಅಂತ ಜಡ್ಜ್‌ಗೆ ತಿಳಿಸುವ ಕೋರ್ಟ್ ರಿಪೋರ್ಟ್ ಕೊಡುವ ಗಡುವು ಮಾತ್ರ ನಿಲ್ಲಲಿಲ್ಲ. ಹಿಂದಿನ ತಿಂಗಳ ಟಿಪ್ಪಣಿ ತೆರೆದು ರಾತ್ರಿ ಕೂತು ಬರೆದೆ.

ನನ್ನ ತಪ್ಪು ಏನು ಅಂತ ಬಿಡಿಸಿ ಹೇಳಬೇಕು, ಯಾಕೆಂದರೆ ಜನ ಇದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಭೇಟಿ ಮುಂದಕ್ಕೆ ಹಾಕಿದ್ದು ತಪ್ಪೇ, ಆದರೆ ದೊಡ್ಡದು ಅದಲ್ಲ. ಜ್ವರ ಬಂದಿದ್ದರೂ ಹೋಗಲು ಆಗುತ್ತಿರಲಿಲ್ಲ. ನಾನು ರಿಪೋರ್ಟಲ್ಲಿ "ಹುಡುಗ ಈ ಮನೆಯಲ್ಲಿ ಹೊಂದಿಕೊಂಡಿದ್ದಾನೆ" ಅಂತ ಬರೆದೆ. "ಇಂಥ ತಾರೀಕಿಗೆ ನೋಡಿದಾಗ ಹೊಂದಿಕೊಂಡಿದ್ದ, ಆಮೇಲೆ ನೋಡಿಲ್ಲ" ಅಂತ ಬರೆದಿದ್ದರೆ ಅದು ನಿಜ ಆಗಿರುತ್ತಿತ್ತು. "ಇದ್ದಾನೆ" ಅಂದೆ. ಆ ಒಂದು ಮಾತಿನಿಂದ, ನೋಡದೇ ಇದ್ದದ್ದನ್ನು ನೋಡಿದ ಹಾಗೆ ಕೋರ್ಟಿಗೆ ಹೇಳಿದೆ. 1977ರಲ್ಲಿ ಸಿಯಾಟಲ್‌ನ ಜಡ್ಜ್ ಡೇವಿಡ್ ಸೂಕಪ್ ಈ ಕೆಲಸ ಶುರು ಮಾಡಿದ್ದೇ ಮಗುವಿನ ಬಗ್ಗೆ ಸಾಕಷ್ಟು ತಿಳಿಯದೆ ತೀರ್ಪು ಕೊಡಬೇಕಾಗಿದೆ ಅನ್ನೋ ಸಂಕಟಕ್ಕೆ. ವಾಲಂಟಿಯರ್ ಅಂದರೆ ಜಡ್ಜ್‌ನ ಕಣ್ಣು. ನಾನು ಕಣ್ಣು ಮುಚ್ಚಿಕೊಂಡು ಸಾಕ್ಷಿ ಹೇಳಿದ್ದೆ.

ಹಿಯರಿಂಗ್ ದಿನ ಬೆಳಗ್ಗೆ ಗೊತ್ತಾಯಿತು, ಹುಡುಗ ಆ ಮನೆಯಲ್ಲಿ ಇಲ್ಲ. ಓಟ ಮುಗಿದ ಮಂಗಳವಾರವೇ ಬೇರೆ ಮನೆಗೆ ಕಳಿಸಿದ್ದರು. ಇನ್ನು ಇಟ್ಟುಕೊಳ್ಳಲು ಆಗಲ್ಲ ಅಂತ ಆ ತಾಯಿ ಮೊದಲೇ ನೋಟಿಸ್ ಕೊಟ್ಟಿದ್ದರಂತೆ. ಆ ಗುರುವಾರ ನಾನು ಬಂದಾಗ ಹೇಳೋಣ, ಫೋನಲ್ಲಿ ಹೇಳೋ ಮಾತಲ್ಲ ಅಂತ ಸುಮ್ಮನಿದ್ದರಂತೆ. ಜಡ್ಜ್ ರಿಪೋರ್ಟ್ ಮಡಚಿಟ್ಟು ಕೇಳಿದರು: "ನೀವು ಅವನನ್ನು ಕೊನೆಗೆ ನೋಡಿದ್ದು ಯಾವಾಗ?" 47 ದಿನ ಆಗಿತ್ತು.

ಹೊಸ ಮನೆ, ಜೊತೆಗೆ ಹೊಸ ಶಾಲೆ. 2015ರ ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್ ಆಕ್ಟ್ ಅನ್ನೋ ಅಮೆರಿಕದ ಶಿಕ್ಷಣ ಕಾನೂನಿನ ಪ್ರಕಾರ, ಮಗುವಿಗೆ ಒಳ್ಳೆಯದಲ್ಲ ಅಂತ ತೀರ್ಮಾನ ಆಗದ ಹೊರತು, ಮನೆ ಬದಲಾದರೂ ಹಳೆಯ ಶಾಲೆಯಲ್ಲೇ ಉಳಿಸಬೇಕು. ಆದರೆ ಅದನ್ನು ಎದ್ದು ನಿಂತು ಕೇಳಲು ಒಬ್ಬರು ಬೇಕಲ್ವಾ? ಅವನ ಕೇಸ್ ನೋಡಿಕೊಳ್ಳುವ ಕೇಸ್ ವರ್ಕರ್ ಹೊಸಬರು, ಬಂದು ಒಂದು ವಾರ ಆಗಿತ್ತು. ಕೇಳಬೇಕಾದವನು ನಾನು. ಮುಂದಿನ ಹಿಯರಿಂಗ್ ಮೂರು ತಿಂಗಳ ಮೇಲೆ. ಅಷ್ಟರಲ್ಲಿ ಆ ಟೀಚರ್ ಜೊತೆಗಿನ ಓದು ನಿಂತೇ ಹೋಯಿತು. ಹೊಸ ಮನೆಗೆ ಹೋದಾಗ ಅವನ ಬಟ್ಟೆ ಇನ್ನೂ ಕಪ್ಪು ಕಸದ ಚೀಲದಲ್ಲೇ ಇತ್ತು. ನಾನು ಹೊರಟಾಗ ಅವನು ಯಾವ ಗುರುವಾರ ಅಂತ ಕೇಳಲಿಲ್ಲ.

ಆಮೇಲೆ ಹದಿನಾಲ್ಕು ತಿಂಗಳು, ಕೇಸ್ ಮುಗಿಯುವವರೆಗೆ, ಒಂದು ಗುರುವಾರವನ್ನೂ ಬಿಡಲಿಲ್ಲ. ಏಳನೇ ತಿಂಗಳಲ್ಲಿ ಮತ್ತೆ ಕೇಳಿದ.

ಈಗ ನಿಮ್ಮ ಪ್ರಶ್ನೆಗೆ. ಎರಡನ್ನೂ ಒಂದೇ ವರ್ಷ ಮಾಡಬೇಡಿ. ಯಾವುದರಿಂದ ಜಾಸ್ತಿ ಉಪಯೋಗ ಅಂತ ತೂಗುವುದನ್ನೂ ಬಿಡಿ. ತಿಂಗಳಿಗೆ ಹತ್ತು ಗಂಟೆ, ಕನಿಷ್ಠ ಒಂದೂವರೆ ಎರಡು ವರ್ಷ, ಏನೇ ಆದರೂ ಕೊಡುತ್ತೀರಾ? ಹಾಗಿದ್ದರೆ ವಾಲಂಟಿಯರ್ ಆಗಿ, ಓಟವನ್ನು ಬೇರೆಯವರಿಗೆ ಬಿಡಿ. ಕೊಡಲು ಆಗಲ್ಲ ಅಂದರೆ ಓಟ ಮಾಡಿ, ಅದರಲ್ಲಿ ಸಣ್ಣತನ ಏನೂ ಇಲ್ಲ. ಪೋಸ್ಟರ್ ಮೇಲೆ ಯಾವ ಮಗುವಿನ ಫೋಟೋ, ಕಥೆಯೂ ಬೇಡ, ಹೆಸರು ಬದಲಿಸಿ ಹಾಕುವುದೂ ಬೇಡ.

ಆದರೆ "ಆಫೀಸ್ ಖರ್ಚಿಗೆ ಹೋಗಬಾರದು" ಅನ್ನೋ ಮಾತನ್ನು ನಾನು ಒಪ್ಪಲ್ಲ. ನಾವೂ ಅದೇ ಷರತ್ತು ಹಾಕಿದ್ದೆವು. 11,000 ಡಾಲರ್ ಬಂತು, ಅಷ್ಟೂ ಬ್ಯಾಗಿಗೆ, ಪೆನ್ಸಿಲ್ ಬಾಕ್ಸಿಗೆ. ಅದೇ ವರ್ಷ ನಮ್ಮ ಸ್ಥಳೀಯ ಕಾಸಾ ಆಫೀಸಲ್ಲಿ ಒಬ್ಬ ಸೂಪರ್‌ವೈಸರ್ ಕೆಲಸ ಬಿಟ್ಟರು. ಸಂಬಳಕ್ಕೆ ದುಡ್ಡಿಲ್ಲದೆ ಆ ಜಾಗ ನಾಲ್ಕು ತಿಂಗಳು ಖಾಲಿ ಇತ್ತು. ಅವರ ಕೈಕೆಳಗೆ ಮೂವತ್ತು ವಾಲಂಟಿಯರ್‌ಗಳಿದ್ದರು, ನಾನೂ ಒಬ್ಬ. "ಈ ತಿಂಗಳು ಹೋಗಿದ್ಯಾ?" ಅಂತ ಫೋನ್ ಮಾಡಿ ಕೇಳುತ್ತಿದ್ದವರು ಅವರು. ನನ್ನ ರಿಪೋರ್ಟ್ ಓದಿ, ಕೋರ್ಟಿಗೆ ಹೋಗುವ ಮೊದಲು ತಡೆಯಬೇಕಿದ್ದವರೂ ಅವರೇ. ತಪ್ಪು ನನ್ನದೇ. ಆದರೂ ಆ ಸಂಬಳ ಮಕ್ಕಳಿಗೆ ಸೇರುವ ದುಡ್ಡಲ್ಲ ಅಂತ ಯಾರಾದರೂ ಅಂದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಇನ್ನೊಂದು ವಿಷಯ, ವಾಲಂಟಿಯರ್ ಆದವರು ಮಗುವಿಗೆ ನೇರವಾಗಿ ದುಡ್ಡಾಗಲಿ, ದುಬಾರಿ ಉಡುಗೊರೆಯಾಗಲಿ ಕೊಡುವ ಹಾಗೇ ಇಲ್ಲ.

ಓಟ ಮಾಡುವುದಾದರೆ ತಾರೀಕು ಗೊತ್ತು ಮಾಡುವ ಮೊದಲು ನಿಮ್ಮ ಕೌಂಟಿಯ ಕಾಸಾ ಆಫೀಸಿಗೆ ಫೋನ್ ಮಾಡಿ. ಯಾವ ಕೆಲಸ ಖಾಲಿ ಇದೆ, ಅದರ ಒಂದು ವರ್ಷದ ಸಂಬಳ ಎಷ್ಟು ಅಂತ ಕೇಳಿ. ನಿಮ್ಮ ನಲವತ್ತು ಜನರ ಕಂಪನಿಗಳಲ್ಲಿ ಎಷ್ಟು ಕಡೆ ದೇಣಿಗೆಗೆ ಮ್ಯಾಚಿಂಗ್ (ನೌಕರ ಕೊಟ್ಟ ದೇಣಿಗೆಗೆ ಕಂಪನಿಯೂ ತನ್ನ ಪಾಲು ಸೇರಿಸುವುದು) ಇದೆ ಅಂತ ಆಮೇಲೆ ಲೆಕ್ಕ ಹಾಕಿ. ಟೀ ಶರ್ಟ್ ಬಣ್ಣ ಕೊನೆಗೆ ನೋಡಿದರಾಯ್ತು.