ಓದುಗರ ಪ್ರಶ್ನೆ: ಕಂಪನಿ ನಾಣ್ಯದಲ್ಲಿ ರಾಮನಿದ್ದಾನೆಯೇ?

ಪ್ರಶ್ನೆ: ಅಜ್ಜಿಯ ಪೆಟ್ಟಿಗೆಯಲ್ಲಿ ಎರಡು ನಾಣ್ಯ ಸಿಕ್ಕಿವೆ. ಒಂದರಲ್ಲಿ ರಾಣಿಯ ತಲೆ, 1840. ಇನ್ನೊಂದರಲ್ಲಿ ರಾಮ ಪಟ್ಟಾಭಿಷೇಕ, ಹಿಂದೆ ‘ಈಸ್ಟ್ ಇಂಡಿಯಾ ಕಂಪನಿ 1818’. ಇದು ಅಕ್ಕಿ ಸೆಳೆಯುತ್ತದೆ, ಲಕ್ಷಗಟ್ಟಲೆ ಬಾಳುತ್ತದೆ ಎನ್ನುತ್ತಾರೆ. ಹೌದೇ?
— ಓದುಗರು, ಶಿರಸಿ

ಉತ್ತರ: ರಾಮನ ನಾಣ್ಯ ಕಂಪನಿಯದ್ದಲ್ಲ. ಆ ಕಾಲದ ಕಂಪನಿ ರೂಪಾಯಿಗಳ ಮೇಲೆ ಮೊಗಲ್ ಬಾದಶಹರ ಹೆಸರು ಪಾರ್ಸಿ ಅಕ್ಷರದಲ್ಲಿರುತ್ತಿತ್ತು. ಇಂಗ್ಲಿಷ್ ದೊರೆಯ ತಲೆಯಿರುವ ಏಕರೂಪದ ರೂಪಾಯಿ ಬಂದದ್ದು 1835ರಲ್ಲಿ. ಹಾಗೆಂದು ಕಂಪನಿ ದೇವರನ್ನು ಮುದ್ರಿಸಲೇ ಇಲ್ಲ ಎನ್ನುವಂತಿಲ್ಲ. ಮದ್ರಾಸಿನ ‘ಅರ್ಧ ಪಗೋಡ’ ಎಂಬ ಬೆಳ್ಳಿ ನಾಣ್ಯದಲ್ಲಿ ಒಂದು ಬದಿ ಗೋಪುರ, ಇನ್ನೊಂದು ಬದಿ ಚುಕ್ಕಿಗಳ ನಡುವೆ ವಿಷ್ಣು. ಆದರೆ ಅದರಲ್ಲಿ ಇಸವಿ ಇಲ್ಲ. ರಾಮ, ಹನುಮಂತರ ಜೊತೆ 1616, 1717, 1818 ಎಂದು ಹೊಡೆದದ್ದೆಲ್ಲ ಈಚಿನ ಸರಕು. ದೇವರ ಮನೆಯಲ್ಲಿಡಲು ಅಡ್ಡಿಯಿಲ್ಲ, ದುಡ್ಡು ಮಾತ್ರ ಕೊಡಬೇಡಿ.

ಅಕ್ಕಿ ಸೆಳೆಯುವುದು ಕೈಚಳಕ: ಒಳಗೆ ಅಯಸ್ಕಾಂತ, ಅಕ್ಕಿಗೆ ಕಬ್ಬಿಣದ ಪುಡಿ. ನಿಮ್ಮ ಮನೆಯ ಅಕ್ಕಿಯಲ್ಲೇ ತೋರಿಸಿ ಎನ್ನಿ, ವ್ಯಾಪಾರ ಅಲ್ಲಿಗೇ ನಿಲ್ಲುತ್ತದೆ.

ರಾಣಿಯದ್ದನ್ನು ತೂಗಿ ನೋಡಿ. ಒಂದು ರೂಪಾಯಿಯದಾದರೆ ಸರಿಯಾದ ತೂಕ 11.66 ಗ್ರಾಂ, ಅಂದರೆ ಒಂದು ತೊಲ. ಹಳೆಯ ಮದ್ದಿನ ಲೆಕ್ಕದ ‘ರೂಪಾಯಿ ತೂಕ’ ಇದೇ. ಸವೆದಿದ್ದರೆ ತುಸು ಕಡಿಮೆ ಬರುತ್ತದೆ. ಬಳಿಕ ಅಕ್ಕಸಾಲಿಗರ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತಂದು, ನಾಣ್ಯವನ್ನು ದಾರದಲ್ಲಿ ಇಳಿಬಿಟ್ಟು ಮುಳುಗಿಸಿ. 1.13 ಗ್ರಾಂ ಆಸುಪಾಸು ತೋರಿದರೆ ಬೆಳ್ಳಿ, 1.3 ದಾಟಿದರೆ ಜರ್ಮನ್ ಸಿಲ್ವರೋ (ಬೆಳ್ಳಿಯಿಲ್ಲದ ಮಿಶ್ರಲೋಹ) ಹಿತ್ತಾಳೆಯೋ. ತಳಕ್ಕೆ ತಾಗಿದರೆ, ಗುಳ್ಳೆ ಅಂಟಿದರೆ ಲೆಕ್ಕ ಹೆಚ್ಚು ತೋರಿಸುತ್ತದೆ. 1840ರ ಅಚ್ಚನ್ನು ಇಸವಿ ಬದಲಿಸದೆ ಸುಮಾರು ಇಪ್ಪತ್ತು ವರ್ಷ ಹೊಡೆದರು. ಹಾಗಾಗಿ ಅಸಲಿಯಾದರೂ ಅಪರೂಪದ್ದಲ್ಲ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಕಪ್ಪು ಪದರ ಹೋದರೆ ಸಂಗ್ರಾಹಕರು ಬೆಲೆ ಇಳಿಸುತ್ತಾರೆ.

ಪ್ರಶ್ನೆ: ರೂಪಾಯಿ ಸರದಲ್ಲಿ ಪೋರ್ಚುಗೀಸ್ ಅಕ್ಷರದ 1882ರ ನಾಣ್ಯವೊಂದಿದೆ. ಬೆಳ್ಳಿಯೇ?
— ಓದುಗರು, ಕಾರವಾರ

ಉತ್ತರ: ಗೋವೆಯ ‘ರುಪಿಯಾ’, ದೊರೆ ಒಂದನೇ ಲೂಯಿಶ್‌ನದು. 1878ರ ಆಂಗ್ಲೊ–ಪೋರ್ಚುಗೀಸ್ ಒಪ್ಪಂದದ ನಂತರ ಬ್ರಿಟಿಷ್ ರೂಪಾಯಿಯ ತೂಕಕ್ಕೇ, ಅದೇ 91.7 ಶೇಕಡಾ ಬೆಳ್ಳಿಯಲ್ಲೇ ಬಂತು. ಕೊಂಡಿ ಬೆಸೆದಿದ್ದರೆ ತೂಕ ಹೆಚ್ಚು ಬರುತ್ತದೆ, ಬೆಸುಗೆಯಿಂದ ನೀರಿನ ಲೆಕ್ಕವೂ ತಪ್ಪುತ್ತದೆ. ಕೊಂಡಿ ಕೀಳಿಸಬೇಡಿ, ಕಲೆ ಉಳಿಯುತ್ತದೆ.