ಸ್ಟ್ರೋಕ್ ಆದ ಕೈ ನಿಜವಾಗಿ ಸುಧಾರಿಸುತ್ತಿದೆಯೇ ಎಂದು ಮನೆಯಲ್ಲಿ ಅಳೆಯುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್ (ಗೂಡಿನಿಂದ ನೂಲು ಬಿಚ್ಚುವ ಕೆಲಸ) ಮಾಡುತ್ತಿದ್ದ ತಂದೆಗೆ ಮೂರು ತಿಂಗಳ ಹಿಂದೆ ಸ್ಟ್ರೋಕ್ ಆಗಿ ಬಲಗೈ ಸ್ವಾಧೀನ ತಪ್ಪಿತ್ತು. ಈಗ ಲೋಟ ಎತ್ತುತ್ತಾರೆ. ಮನೆಯವರು ಸರಿಹೋಯಿತು ಅನ್ನುತ್ತಾರೆ, ಫಿಸಿಯೋಥೆರಪಿಸ್ಟ್ (ಫಿಸಿಯೋ) ಸುಧಾರಿಸುವುದು "ಇನ್ನೂ ಇದೆ" ಅನ್ನುತ್ತಾರೆ. ಯಾರ ಮಾತು ನಂಬಬೇಕು, ಮತ್ತೆ ನೂಲು ಬಿಚ್ಚುವ ಬೇಸಿನ್ ಮುಂದೆ ಕೂರಿಸಬಹುದೇ?

ಇಬ್ಬರದ್ದೂ ಸರಿ. ಮನೆಯವರು ನೋಡುವುದು ಕೆಲಸ ಆಯಿತೇ ಎಂದು, ಫಿಸಿಯೋ ನೋಡುವುದು ಹೇಗೆ ಆಯಿತು ಎಂದು. ಕೈ ಚಾಚಲು ಆಗದಿದ್ದಾಗ ಶರೀರ ಅಡ್ಡದಾರಿ ಹಿಡಿಯುತ್ತದೆ. ಸೊಂಟದಿಂದ ಮುಂದಕ್ಕೆ ಬಾಗುತ್ತಾರೆ, ಹೆಗಲು ಕಿವಿಯತ್ತ ಏರುತ್ತದೆ, ಮೊಣಕೈ ಪಕ್ಕಕ್ಕೆ ಎದ್ದು ನಿಲ್ಲುತ್ತದೆ. ಲೋಟ ಬಾಯಿಗೆ ಬರುತ್ತದೆ ನಿಜ, ಆದರೆ ಮೊಣಕೈ ಬಿಚ್ಚಿಕೊಂಡಿರುವುದೇ ಇಲ್ಲ. ಆದ್ದರಿಂದ ಎಷ್ಟು ಮಾಡಿದರು ಎಂಬುದನ್ನೂ ಹೇಗೆ ಮಾಡಿದರು ಎಂಬುದನ್ನೂ ಬೇರೆ ಬೇರೆ ಬರೆದಿಡಿ. ಎರಡನ್ನೂ ಒಂದೇ ಅಂಕಿಯಲ್ಲಿ ಬೆರೆಸಿದರೆ ಅಡ್ಡದಾರಿಯೂ ಸುಧಾರಣೆಯ ಲೆಕ್ಕಕ್ಕೆ ಸೇರಿಬಿಡುತ್ತದೆ.

"ಹೇಗೆ" ಎಂಬುದಕ್ಕೆ ಒಂದು ಮೊಬೈಲ್ ಸಾಕು. ನೀರು ಕುಡಿಯುವ ಕ್ರಿಯೆಯನ್ನು ಸಂಶೋಧಕರೂ ಬಳಸುತ್ತಾರೆ. ಲೋಟದಲ್ಲಿ 100 ಮಿ.ಲೀ. ನೀರು ಹಾಕಿ, ಮೇಜಿನ ಅಂಚಿನಿಂದ 30 ಸೆಂ.ಮೀ. ಒಳಗೆ, ಎದೆಯ ನೇರಕ್ಕೆ ಇಡಿ. ಕುರ್ಚಿಗೆ ಕೈಹಿಡಿ ಇರಬಾರದು. ಬೆನ್ನು ಕುರ್ಚಿಗೆ ತಾಗಿರಲಿ, ಪಾದ ಪೂರ್ತಿ ನೆಲದ ಮೇಲಿರಲಿ, ಕೈ ಮೇಜಿನ ಮೇಲಿಟ್ಟಾಗ ಮೊಣಕೈ ಸುಮಾರು 90 ಡಿಗ್ರಿ ಮಡಚಿರಲಿ. ಕೈ ಎತ್ತಿ, ಲೋಟ ಹಿಡಿದು, ಒಂದು ಗುಟುಕು ಕುಡಿದು, ಲೋಟವನ್ನು ಅದೇ ಜಾಗಕ್ಕೆ ಇಟ್ಟು, ಕೈಯನ್ನು ಮೊದಲಿನ ಸ್ಥಳಕ್ಕೆ ತರಬೇಕು. ಆರೋಗ್ಯವಂತರು ಇಷ್ಟನ್ನು ಆರೇಳು ಸೆಕೆಂಡಿನಲ್ಲಿ ಮುಗಿಸುತ್ತಾರೆ. ನುಂಗಲು ತೊಂದರೆ ಇದ್ದರೆ ಖಾಲಿ ಲೋಟ ತುಟಿಗೆ ತಾಗಿಸಿದರೆ ಸಾಕು.

ಎರಡು ವಿಡಿಯೋ ತೆಗೆಯಿರಿ. ಒಂದು ಎಡಪಕ್ಕದಿಂದ, ಅಂದರೆ ಒಳ್ಳೆಯ ಕೈಯ ಕಡೆಯಿಂದ, ಸುಮಾರು ಎರಡು ಮೀಟರ್ ದೂರದಲ್ಲಿ, ಎದೆಯ ಎತ್ತರಕ್ಕೆ, ಮೊಬೈಲ್ ಅಲುಗಾಡದಂತೆ ಸ್ಟೂಲ್ ಮೇಲಿಟ್ಟು. ಎಡಗೈ ತೊಡೆಯ ಮೇಲಿರಲಿ. ಕತ್ತಿನ ಗುಳಿಯ ಕೆಳಗೆ ಎದೆಮೂಳೆಗೆ ಒಂದು ಬಾಟಲಿ ಮುಚ್ಚಳವನ್ನು ಟೇಪಿನಿಂದ ಅಂಟಿಸಿ, ಪಕ್ಕದಿಂದ ಅದು ಎದ್ದು ಕಾಣುತ್ತದೆ. ಶುರುವಿನಲ್ಲಿ 30 ಸೆಂ.ಮೀ. ಸ್ಕೇಲನ್ನು ಆ ಮುಚ್ಚಳದ ನೇರಕ್ಕೆ, ಎದೆಯ ಮುಂದೆ ಅಡ್ಡವಾಗಿ ಹಿಡಿದು ಒಂದು ಕ್ಷಣ ರೆಕಾರ್ಡ್ ಮಾಡಿ. ಆ ಸ್ಕೇಲು ಪರದೆಯಲ್ಲಿ 5 ಸೆಂ.ಮೀ. ಕಂಡರೆ, ಪರದೆಯಲ್ಲಿ ಮುಚ್ಚಳ 1 ಸೆಂ.ಮೀ. ಸರಿದಿದೆ ಎಂದರೆ ಎದೆ 6 ಸೆಂ.ಮೀ. ಮುಂದೆ ಹೋಗಿದೆ. ಸ್ಕೇಲನ್ನು ಹಿಂದಿನ ಗೋಡೆಗೆ ಅಂಟಿಸಿದರೆ ದೂರದ ವ್ಯತ್ಯಾಸದಿಂದ ಲೆಕ್ಕ ತಪ್ಪುತ್ತದೆ. ಎರಡನೆಯ ವಿಡಿಯೋ ಎದುರಿನಿಂದ. ಹೆಗಲು ಏರುವುದು, ಮೊಣಕೈ ಪಕ್ಕಕ್ಕೆ ಎದ್ದೇಳುವುದು ಅಲ್ಲೇ ಕಾಣುವುದು. ಒಳ್ಳೆಯ ಕೈಯದ್ದೂ ಒಮ್ಮೆ ತೆಗೆದಿಡಿ, ಹೋಲಿಕೆಗೆ ಅದೇ ಆಧಾರ.

ನಿಧಾನಗತಿಯಲ್ಲಿ ನೋಡುತ್ತಾ ನಾಲ್ಕು ಸಂಗತಿ ಬರೆದುಕೊಳ್ಳಿ: ಒಟ್ಟು ಸೆಕೆಂಡು, ಎದೆ ಎಷ್ಟು ಸರಿಯಿತು, ದಾರಿಯಲ್ಲಿ ಕೈ ಎಷ್ಟು ಸಲ ನಿಂತು ಹೊರಟಿತು, ಬೆರಳು ಯಾವಾಗ ಬಿಚ್ಚಿತು. ಒಳ್ಳೆಯ ಕೈ ಲೋಟದತ್ತ ಒಮ್ಮೆ ವೇಗ ಪಡೆದು ಒಮ್ಮೆ ನಿಧಾನವಾಗುತ್ತದೆ, ಅಷ್ಟೆ. ಸ್ಟ್ರೋಕ್ ಆದ ಕೈ ತುಂಡು ತುಂಡಾಗಿ ಚಲಿಸುತ್ತದೆ. ಆ ತುಂಡುಗಳು ಕಡಿಮೆಯಾಗುವುದನ್ನು ನಾನು ಸೆಕೆಂಡು ಇಳಿಯುವುದಕ್ಕಿಂತ ಒಳ್ಳೆಯ ಸೂಚನೆ ಅನ್ನುತ್ತೇನೆ. ಬೆರಳುಗಳು ಲೋಟ ಮುಟ್ಟುವ ಮೊದಲೇ ಗಾಳಿಯಲ್ಲಿ ಬಿಚ್ಚಿಕೊಳ್ಳಬೇಕು. ಲೋಟಕ್ಕೆ ಒತ್ತಿ ಒತ್ತಿ ಬಿಚ್ಚುತ್ತಿದ್ದರೆ ಫಿಸಿಯೋ ಹೇಳಿದ "ಇನ್ನೂ ಇದೆ" ಅದೇ.

ಸ್ಲೋ ಮೋಷನ್‌ನಲ್ಲಿ ತೆಗೆದ ವಿಡಿಯೋದ ಸಮಯವನ್ನು ಹಾಗೇ ಬರೆದುಕೊಂಡು ಗಾಬರಿಯಾಗುವವರಿದ್ದಾರೆ. ಸೆಕೆಂಡಿಗೆ 120 ಫ್ರೇಮಿನಲ್ಲಿ (ಚಿತ್ರದಲ್ಲಿ) ತೆಗೆದದ್ದು 30ರಲ್ಲಿ ಓಡಿದರೆ ನಾಲ್ಕರಿಂದ ಭಾಗಿಸಬೇಕು. ಮಂದ ಬೆಳಕಿನಲ್ಲಿ ಕೆಲವು ಮೊಬೈಲ್‌ಗಳು ಫ್ರೇಮನ್ನೇ ಇಳಿಸುತ್ತವೆ, ಹಾಗಾಗಿ ಹಗಲು ಜಗಲಿಯಲ್ಲಿ ತೆಗೆಯಿರಿ. ಪ್ರತಿ ಸಲವೂ ಅದೇ ಕುರ್ಚಿ, ಅದೇ ಮೇಜು, ಅದೇ ಹೊತ್ತು ಇರಲಿ. ನಿಮ್ಮ ಕಡೆಯ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಬಿಗಿತ ಹೆಚ್ಚಿರುತ್ತದೆ, ವ್ಯಾಯಾಮ ಮುಗಿದ ಕೂಡಲೇ ಕೈ ದಣಿದಿರುತ್ತದೆ, ಬಿಗಿತದ ಮಾತ್ರೆ ನುಂಗಿದ ಹೊತ್ತು ಬದಲಾದರೆ ಅಳತೆಯೂ ಬದಲಾಗುತ್ತದೆ. "ಎತ್ತಪ್ಪಾ, ಎತ್ತು" ಎಂದು ಹುರಿದುಂಬಿಸಬೇಡಿ, ಹೆಗಲು ಮೊದಲು ಏರುವುದು ಆಗಲೇ. ಹದಿನೈದು ದಿನಕ್ಕೊಮ್ಮೆ ಸಾಕು. ಮೂರು ಸಲ ಮಾಡಿಸಿ ನಡುವಿನ ಅಂಕಿ ಹಿಡಿಯಿರಿ.

"ಎಷ್ಟು" ಎಂಬುದಕ್ಕೆ ಬಾಕ್ಸ್ ಅಂಡ್ ಬ್ಲಾಕ್ ಪರೀಕ್ಷೆ ಸುಲಭ. 2.5 ಸೆಂ.ಮೀ. ಮರದ ಘನಗಳು, ಒಂದು ಪೆಟ್ಟಿಗೆ, ಅದರ ನಡುವೆ 15.2 ಸೆಂ.ಮೀ. ಎತ್ತರದ ಅಡ್ಡಹಲಗೆ, 60 ಸೆಕೆಂಡು. ಒಂದೊಂದಾಗಿ ಆಚೆಗೆ ದಾಟಿಸಬೇಕು, ಬೆರಳತುದಿ ಹಲಗೆ ದಾಟಬೇಕು, ಎರಡು ಒಟ್ಟಿಗೆ ಹಿಡಿದರೆ ಒಂದೇ ಲೆಕ್ಕ. ಐದಾರು ಬ್ಲಾಕ್‌ಗಳ ಏರಿಳಿತ ಅಳತೆಯ ತೂಗಾಟವೂ ಇರಬಹುದು, ಅದಕ್ಕೆ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ.

ತಿಂಗಳಿಗೊಮ್ಮೆ ಫಿಸಿಯೋ ಹತ್ತಿರ ಎರಡು ಪರೀಕ್ಷೆಗಳ ಅಂಕಪಟ್ಟಿ ಕೇಳಿ. ಫ್ಯೂಗಲ್-ಮೇಯರ್ ಎಂಬ ಚಲನೆಯ ಪರೀಕ್ಷೆಯ ಕೈಯ ಭಾಗಕ್ಕೆ 66 ಅಂಕ. ಒಂದೊಂದು ಚಲನೆ ಬಿಡಿಯಾಗಿ ಬರುತ್ತದೆಯೇ, ಅಥವಾ ಇಡೀ ಕೈ ಒಟ್ಟಿಗೆ ಮಡಚಿಕೊಳ್ಳುತ್ತದೆಯೇ ಎಂದು ಅದು ಹಿಡಿಯುತ್ತದೆ. ಎಆರ್‌ಎಟಿ (ಆಕ್ಷನ್ ರಿಸರ್ಚ್ ಆರ್ಮ್ ಟೆಸ್ಟ್) ಎಂಬ ಕೈಕೆಲಸದ ಪರೀಕ್ಷೆಗೆ 57 ಅಂಕ, 19 ಕೆಲಸ. ಮರದ ಘನ, ಕ್ರಿಕೆಟ್ ಚೆಂಡು, ಗೋಲಿ ಎತ್ತಿಸುತ್ತಾರೆ. ಅದರಲ್ಲಿ ಕೆಲಸ ಪೂರ್ತಿಯಾದರೂ ತೀರಾ ಹೊತ್ತು ಹಿಡಿದರೆ ಅಥವಾ ತುಂಬಾ ಕಷ್ಟಪಟ್ಟರೆ 2, ಸಹಜವಾಗಿ ಮಾಡಿದರೆ ಮಾತ್ರ 3. ನಿಮ್ಮ ಮನೆಯ ವಾದವೆಲ್ಲ ಈ 2 ಮತ್ತು 3ರ ನಡುವೆ ಇದೆ. ಒಟ್ಟು ಮಾತ್ರ ಬರೆಸಿಕೊಳ್ಳಬೇಡಿ, ಯಾವ ಕೆಲಸಕ್ಕೆ ಎಷ್ಟು ಬಂತೆಂಬ ಪಟ್ಟಿ ತನ್ನಿ.

ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿ ಮನೆಯಲ್ಲಿ ಆ ಕೈಯನ್ನೇ ಮರೆತುಬಿಡುವುದು ತುಂಬಾ ಸಾಮಾನ್ಯ. ಚಿಲಕ ತೆಗೆಯುವುದು, ಮುದ್ದೆ ಮುರಿಯುವುದು, ಅಂಗಿಯ ಗುಂಡಿ ಹಾಕುವುದು ಇವತ್ತು ಯಾವ ಕೈಯಲ್ಲಾಯಿತು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಇನ್ನು ಕೆಲಸದ ವಿಚಾರ. ಬೇಸಿನ್‌ನಲ್ಲಿರುವುದು ಬಿಸಿನೀರು. ಬಲಗೈಗೆ ಬಿಸಿ ತಿಳಿಯದಿದ್ದರೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ಕಣ್ಣು ಮುಚ್ಚಿಸಿ, ತಣ್ಣೀರಿನ ಲೋಟ ಮತ್ತು ಉಗುರುಬೆಚ್ಚಗಿನ ಲೋಟವನ್ನು ಬೆರಳಿಗೆ ತಾಗಿಸಿ ಯಾವುದು ಯಾವುದೆಂದು ಹೇಳಿಸಿ. ಹೆಬ್ಬೆರಳನ್ನು ಮೇಲೆ ಕೆಳಗೆ ಆಡಿಸಿ ಯಾವ ಕಡೆ ಹೋಯಿತೆಂದು ಕೇಳಿ. ತಪ್ಪುತ್ತಿದ್ದರೆ, ಅಥವಾ ಕೈ ಊದಿ, ಕೆಂಪಾಗಿ, ನೋಯುತ್ತಿದ್ದರೆ, ಅಂಕ ಎಷ್ಟೇ ಬಂದಿರಲಿ, ವೈದ್ಯರು ನೋಡುವ ತನಕ ಬೇಸಿನ್ ಬೇಡ. ಬದಲಿಗೆ ಚಂದ್ರಿಕೆಯಿಂದ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ) ಗೂಡು ಬಿಡಿಸಲು ಕೊಡಿ. ಬೆರಳು ಸಂದಿಗೆ ತೂರಬೇಕು, ಹೆಬ್ಬೆರಳು ಎದುರಾಗಬೇಕು, ಹಿಡಿತ ಹದವಾಗಿರಬೇಕು. ಹೆಚ್ಚು ಒತ್ತಿದರೆ ಗೂಡು ನಜ್ಜಾಗಿ ಒಳಗಿನ ಹುಳು ಒಡೆದು ಕಲೆಯಾಗುತ್ತದೆ. ಬಿಡಿಸಿದ ಗೂಡು ಎಷ್ಟು, ಅದರಲ್ಲಿ ನಜ್ಜಾದದ್ದು ಎಷ್ಟು ಎಂದು ಎಣಿಸಿ ಅದೇ ಪುಸ್ತಕದಲ್ಲಿ ಬರೆದು, ವಿಡಿಯೋ ಜೊತೆಗೆ ಮುಂದಿನ ಭೇಟಿಗೆ ಒಯ್ಯಿರಿ.