ವಿಂಡೋಸ್ 10ಗೆ ಸಪೋರ್ಟ್ ಮುಗಿದಿದೆ, ಲ್ಯಾಪ್‌ಟಾಪ್ ನಿಧಾನವಾಗಿದೆ: ಹೊಸದು ಕೊಳ್ಳಲೇಬೇಕೆ?

ನೀವು ಕೇಳಿದ್ದು ಇಷ್ಟು: 2017ರಲ್ಲಿ ಕೊಂಡ ಲ್ಯಾಪ್‌ಟಾಪ್, ಇಂಟೆಲ್ ಐ5-7200ಯು, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. ಅಂಗಡಿ ಲೆಕ್ಕಕ್ಕೆ ಟ್ಯಾಲಿ, ಪತ್ರಗಳಿಗೆ ನುಡಿ, ಜೊತೆಗೆ ಮಗಳ ಆನ್‌ಲೈನ್ ಕ್ಲಾಸ್. ಆನ್ ಮಾಡಿ ಚಹಾ ಕುಡಿದು ಬಂದರೂ ತೆರೆದಿರುವುದಿಲ್ಲ, ಸಾಲದ್ದಕ್ಕೆ ಸಪೋರ್ಟ್ ಮುಗಿಯಿತು ಎಂಬ ಸಂದೇಶ. ರಿಪೇರಿಯವರು ‘11 ಹಾಕಿಕೊಡ್ತೀನಿ, ಎಲ್ಲ ಸರಿಹೋಗುತ್ತೆ’ ಅಂದಿದ್ದಾರೆ. ಹೊಸದಕ್ಕಾದರೆ ಬಜೆಟ್ 50 ಸಾವಿರ.

ಇಲ್ಲಿ ಕಾಯಿಲೆ ಎರಡು. ನಿಧಾನ ಒಂದು, ಸಪೋರ್ಟ್ ಮುಗಿದದ್ದು ಇನ್ನೊಂದು. ಒಂದಕ್ಕೊಂದು ಸಂಬಂಧವಿಲ್ಲ. ವಿಂಡೋಸ್ 11 ಹಾಕಿದರೆ ನಿಧಾನ ಹೋಗುವುದಿಲ್ಲ, ಆ ಹಾರ್ಡ್‌ಡಿಸ್ಕ್ ಮೇಲೆ ಇನ್ನೂ ಹೆಚ್ಚುತ್ತದೆ.

ಮೊದಲು ಸಪೋರ್ಟ್ ವಿಷಯ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಗೆ ಉಚಿತ ಸೆಕ್ಯುರಿಟಿ ಅಪ್‌ಡೇಟ್ ನಿಲ್ಲಿಸಿತು. ಮಷೀನ್ ನಿಲ್ಲುವುದಿಲ್ಲ, ಟ್ಯಾಲಿ ಓಡುತ್ತದೆ, ಎಡ್ಜ್ ಬ್ರೌಸರ್‌ಗೂ ಡಿಫೆಂಡರ್‌ನ ವೈರಸ್ ಪಟ್ಟಿಗೂ 2028ರ ಅಕ್ಟೋಬರ್‌ವರೆಗೆ ಅಪ್‌ಡೇಟ್ ಇದೆ. ಆದರೆ ವಿಂಡೋಸ್‌ನ ಒಳಗೇ ಹೊಸ ಬಿರುಕು ಕಂಡರೆ ಅದನ್ನು ಮುಚ್ಚುವವರಿಲ್ಲ. ನೆಟ್ ಬ್ಯಾಂಕಿಂಗ್, ಜಿಎಸ್‌ಟಿ ಲಾಗಿನ್ ಇರುವ ಮಷೀನನ್ನು ಹಾಗೆ ಬಿಡಬಾರದು.

ಇದಕ್ಕೆ ದಾರಿ ಇಎಸ್‌ಯು, ಅಂದರೆ ಹೆಚ್ಚುವರಿ ಅವಧಿಯ ಸೆಕ್ಯುರಿಟಿ ಅಪ್‌ಡೇಟ್. ಮನೆ ಬಳಕೆಯ ಮಷೀನ್‌ಗಳಿಗೆ 2026ರ ಅಕ್ಟೋಬರ್ 13ರವರೆಗೆ ಎಂದು ಘೋಷಿಸಿದ್ದಾರೆ. ಸೇರಲು ಮೂರು ವಿಧ: ಪಿಸಿ ಸೆಟ್ಟಿಂಗ್ಸ್ ಸಿಂಕ್ ಆನ್ ಮಾಡಿದರೆ ಉಚಿತ, ಮೈಕ್ರೋಸಾಫ್ಟ್ ರಿವಾರ್ಡ್ಸ್‌ನ 1000 ಪಾಯಿಂಟ್ ಕೊಟ್ಟರೂ ಆಗುತ್ತದೆ, ಇಲ್ಲವೇ 30 ಡಾಲರ್‌ಗೆ ಸಮನಾದ ದುಡ್ಡು. ನಿಮಗೆ ಮೊದಲನೆಯದೇ ಸಾಕು. ಸ್ಟಾರ್ಟ್ ಮೆನುವಿನಲ್ಲಿ ವಿನ್‌ವರ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ವರ್ಷನ್ 22ಎಚ್2 ಇದೆಯೇ ನೋಡಿ. ಇಲ್ಲದಿದ್ದರೆ ಮೊದಲು ಅಪ್‌ಡೇಟ್ ಮಾಡಿ. ಆಮೇಲೆ ಸೆಟ್ಟಿಂಗ್ಸ್, ಅಪ್‌ಡೇಟ್ ಅಂಡ್ ಸೆಕ್ಯುರಿಟಿ, ವಿಂಡೋಸ್ ಅಪ್‌ಡೇಟ್‌ಗೆ ಹೋದರೆ ‘ಎನ್‌ರೋಲ್ ನೌ’ ಲಿಂಕ್ ಇರುತ್ತದೆ. ಕಾಣದಿದ್ದರೆ ಬಾಕಿ ಅಪ್‌ಡೇಟ್‌ಗಳನ್ನೆಲ್ಲ ಹಾಕಿ ರೀಸ್ಟಾರ್ಟ್ ಮಾಡಿ, ಅಡ್ಮಿನ್ ಅಕೌಂಟ್‌ನಲ್ಲೇ ಇದ್ದೀರಾ ನೋಡಿ. ಮೈಕ್ರೋಸಾಫ್ಟ್ ಅಕೌಂಟ್ ಬೇಕೇ ಬೇಕು.

ಇಲ್ಲೊಂದು ಎಚ್ಚರಿಕೆ. ಸಿಂಕ್ ಆನ್ ಮಾಡುವಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳನ್ನೂ ಒನ್‌ಡ್ರೈವ್‌ಗೆ ಕಳಿಸಲೇ ಎಂದು ಕೇಳುತ್ತದೆ. ಬೇಡ ಅನ್ನಿ. ಉಚಿತ ಜಾಗ 5 ಜಿಬಿ ಮಾತ್ರ, ನಾಲ್ಕು ದಿನಕ್ಕೆ ತುಂಬಿ ‘ಜಾಗ ಕೊಳ್ಳಿ’ ಎಂದು ಕಾಡತೊಡಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಟ್ಯಾಲಿಯ ಡೇಟಾ ಫೋಲ್ಡರ್ ಆ ಸಿಂಕ್‌ನೊಳಗೆ ಸಿಕ್ಕಿಕೊಳ್ಳಬಾರದು. ಟ್ಯಾಲಿ ಬರೆಯುತ್ತಿರುವಾಗಲೇ ಒನ್‌ಡ್ರೈವ್ ಅದೇ ಫೈಲನ್ನು ಹಿಡಿದೆಳೆದರೆ ಕಂಪನಿ ಡೇಟಾ ಕೆಡುತ್ತದೆ.

ಇನ್ನು ರಿಪೇರಿಯವರ ವಿಂಡೋಸ್ 11. ಅದು ಅಧಿಕೃತವಾಗಿ ಕೇಳುವುದು ಟಿಪಿಎಂ 2.0 (ಕೀಲಿಗಳನ್ನು ಕಾಪಾಡುವ ಸೆಕ್ಯುರಿಟಿ ಚಿಪ್), ಸೆಕ್ಯೂರ್ ಬೂಟ್ (ಆನ್ ಆಗುವಾಗ ನಕಲಿ ಸಾಫ್ಟ್‌ವೇರ್ ನುಸುಳದಂತೆ ತಡೆಯುವ ವ್ಯವಸ್ಥೆ), ಮತ್ತು ಹೆಚ್ಚುಕಡಿಮೆ ಇಂಟೆಲ್ 8ನೇ ಜನರೇಶನ್‌ನಿಂದ ಮುಂದಿನ ಪ್ರೊಸೆಸರ್. ನಿಮ್ಮದು 7ನೇ ಜನರೇಶನ್, ಪಟ್ಟಿಯಲ್ಲಿಲ್ಲ. ಅವರು ಮಾಡುವುದು ಈ ತಪಾಸಣೆಯನ್ನು ತಪ್ಪಿಸುವ ಪೆನ್‌ಡ್ರೈವ್‌ನಿಂದ ಇನ್‌ಸ್ಟಾಲ್. ಓಡುವುದಂತೂ ಓಡುತ್ತದೆ, ತಿಂಗಳ ಅಪ್‌ಡೇಟ್‌ಗಳೂ ಸಾಮಾನ್ಯವಾಗಿ ಬರುತ್ತವೆ. ಆದರೆ ಇಂಥ ಮಷೀನ್‌ಗೆ ಅಪ್‌ಡೇಟ್ ಕೊಟ್ಟೇ ಕೊಡುತ್ತೇವೆಂದು ಮೈಕ್ರೋಸಾಫ್ಟ್ ಹೇಳುವುದಿಲ್ಲ. ವರ್ಷಕ್ಕೊಮ್ಮೆ ಬರುವ ದೊಡ್ಡ ವರ್ಷನ್ ತಾನಾಗಿ ಬರುವುದಿಲ್ಲ, ಪ್ರತಿ ಸಲ ಅದೇ ಸರ್ಕಸ್. ಇನ್ನೊಂದು ಕೇಳಿಕೊಳ್ಳಿ: ಯಾವ ಎಡಿಷನ್ ಹಾಕುತ್ತಾರೆ? ನಮ್ಮಲ್ಲಿ ವಿಂಡೋಸ್ ಸಮೇತ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲು ಹೋಮ್ ಸಿಂಗಲ್ ಲ್ಯಾಂಗ್ವೇಜ್ ಲೈಸೆನ್ಸ್. ಅದರ ಮೇಲೆ ಪ್ರೊ ಹಾಕಿ, ಆ್ಯಕ್ಟಿವೇಟರ್ ಓಡಿಸಿ, ಆ್ಯಂಟಿವೈರಸ್ ಆಫ್ ಮಾಡಿ ಕೊಟ್ಟರೆ ನಿಮ್ಮ ಅಸಲಿ ಲೈಸೆನ್ಸ್ ಮೂಲೆಗೆ, ಕಳ್ಳ ಸಾಫ್ಟ್‌ವೇರ್ ಬ್ಯಾಂಕ್ ಲಾಗಿನ್ ಪಕ್ಕಕ್ಕೆ. ನಾನಾದರೆ ಈ ದಾರಿ ಹಿಡಿಯುವುದಿಲ್ಲ.

ಈಗ ನಿಧಾನ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಟ್ಯಾಬ್ ನೋಡಿ. ನಿಮ್ಮ ವರ್ಣನೆ ಕೇಳಿದರೆ ಸಿಪಿಯು 15-20%ನಲ್ಲಿ ತೂಕಡಿಸುತ್ತಿರುತ್ತದೆ, ಡಿಸ್ಕ್ ಮಾತ್ರ 100%. ಅದರ ಕೆಳಗೆ ಆ್ಯವರೇಜ್ ರೆಸ್ಪಾನ್ಸ್ ಟೈಮ್ ಎಂಬ ಅಂಕಿ ಇರುತ್ತದೆ. ಅದು ನೂರಾರು ಮಿಲಿಸೆಕೆಂಡ್ ತೋರಿಸಿದರೆ ಕಳ್ಳ ಸಿಕ್ಕಿದಂತೆಯೇ. ಹಾರ್ಡ್‌ಡಿಸ್ಕ್‌ನೊಳಗೆ ತಿರುಗುವ ತಟ್ಟೆಯ ಮೇಲೆ ಮುಳ್ಳು ಅತ್ತಿತ್ತ ಓಡಾಡಿ ಚೂರುಪಾರು ಫೈಲ್‌ಗಳನ್ನು ಹೆಕ್ಕಬೇಕು. ಸೆಕೆಂಡಿಗೆ ನೂರು ಸಲ ಹೆಕ್ಕಿದರೆ ಅದೇ ದೊಡ್ಡದು, ತಿರುಗುವ ಭಾಗವೇ ಇಲ್ಲದೆ ಚಿಪ್‌ಗಳಲ್ಲಿ ಡೇಟಾ ಇಡುವ ಎಸ್‌ಎಸ್‌ಡಿ ಅದೇ ಹೊತ್ತಿಗೆ ಹತ್ತಾರು ಸಾವಿರ ಸಲ ಹೆಕ್ಕುತ್ತದೆ. ಬೂಟ್ ಆಗುವುದೆಂದರೆ ಸಾವಿರಾರು ಸಣ್ಣ ಫೈಲ್‌ಗಳನ್ನು ಓದುವುದೇ ತಾನೆ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ ಡಿಸ್ಕ್‌ನ ಆರೋಗ್ಯವನ್ನೂ ನೋಡಿಬಿಡಿ. ಹಳದಿಯಲ್ಲಿ ‘ಕಾಷನ್’ ಎಂದಿದ್ದು, ಕರೆಂಟ್ ಪೆಂಡಿಂಗ್ ಸೆಕ್ಟರ್ ಅಥವಾ ರೀಅಲೊಕೇಟೆಡ್ ಸೆಕ್ಟರ್ ಸಾಲಿನ ಕೊನೆಯ ಅಂಕಿ ಸೊನ್ನೆಯಲ್ಲದಿದ್ದರೆ ಉಳಿದ ಓದು ಆಮೇಲೆ, ಮೊದಲು ಬ್ಯಾಕಪ್.

ನಿಧಾನಕ್ಕೆ ಮದ್ದು, ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವುದು. 500 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ನಿಮಗೆ ಸರಿಹೊಂದುತ್ತದೆ. ಹಾರ್ಡ್‌ಡಿಸ್ಕ್ ಇದ್ದ ಜಾಗದಲ್ಲೇ, ಅದೇ ಬ್ರಾಕೆಟ್‌ನ ಸ್ಕ್ರೂಗಳಿಗೇ ಕೂರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಚಿಕ್ಕ ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಕೂಡ ಇರುತ್ತದೆ. ಆದರೆ ಆ ಕಾಲದ ಎಷ್ಟೋ ಸ್ಲಾಟ್‌ಗಳು ಸಾಟಾ ಎಂ.2 ಮಾತ್ರ ತಗೊಳ್ಳುತ್ತವೆ, ಎನ್‌ವಿಎಂಇ ಎಂಬ ಇನ್ನೊಂದು ಬಗೆಯದನ್ನು ಹಾಕಿದರೆ ಗುರುತೇ ಹಿಡಿಯುವುದಿಲ್ಲ. ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ನೋಡದೆ ಎಂ.2 ಕೊಳ್ಳಬೇಡಿ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್, ಎಸ್‌ಎಸ್‌ಡಿ ಬೆಲೆ ಏರಿದೆ. ಹಳೆಯ ವಿಡಿಯೋಗಳಲ್ಲಿ ಹೇಳುವ ರೇಟನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗಬೇಡಿ.

1 ಟಿಬಿಯಿಂದ 500 ಜಿಬಿಗೆ ಕ್ಲೋನ್ (ಇದ್ದದ್ದನ್ನೆಲ್ಲ ಯಥಾವತ್ ನಕಲು) ಮಾಡುವ ತಲೆನೋವು ಬೇಡ, ಹೊಸದಾಗಿ ಇನ್‌ಸ್ಟಾಲ್ ಮಾಡಿ. ಅದಕ್ಕೆ ಮುಂಚೆ ಎರಡು ಕೆಲಸ. ಟ್ಯಾಲಿಯಲ್ಲಿ ಡೇಟಾ ಬ್ಯಾಕಪ್ ತೆಗೆದು, ಲೈಸೆನ್ಸನ್ನು ಸರೆಂಡರ್ ಮಾಡಿ. ಹಾಗೆ ಮಾಡದೆ ಡಿಸ್ಕ್ ಬದಲಿಸಿದರೆ, ಲೈಸೆನ್ಸ್ ಬೇರೆ ಮಷೀನ್‌ನಲ್ಲಿ ಚಾಲ್ತಿಯಲ್ಲಿದೆ ಎಂದು ತಕರಾರು ತೆಗೆಯುತ್ತದೆ. ಎರಡನೆಯದು ನುಡಿ. ಹಳೆಯ ಪತ್ರಗಳೆಲ್ಲ ಯೂನಿಕೋಡ್ ಅಲ್ಲದ ನುಡಿ ಫಾಂಟ್‌ಗಳಲ್ಲಿದ್ದರೆ, ಆ ಫಾಂಟ್ ಇಲ್ಲದ ಮಷೀನ್‌ನಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಡಿಗ್ರಿ ಗುರುತುಗಳ ಕಲಸುಮೇಲೋಗರ ಕಾಣುತ್ತದೆ. ಫೈಲ್ ಕೆಟ್ಟಿರುವುದಿಲ್ಲ, ಫಾಂಟ್ ಇಲ್ಲ ಅಷ್ಟೆ. ವಿಂಡೋಸ್ ಫೋಲ್ಡರ್‌ನೊಳಗಿನ ಫಾಂಟ್ಸ್‌ನಿಂದ ನುಡಿ ಹೆಸರಿನವನ್ನೆಲ್ಲ ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಳ್ಳಿ. ತುಂಗಾ ಫಾಂಟ್‌ನಲ್ಲಿ ಬರೆದವು ಬೇರೆ ಅಚ್ಚಿನಲ್ಲಿ ಕಂಡರೆ ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ಗೆ ಹೋಗಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿ. ಅದು ವಿಂಡೋಸ್‌ನಲ್ಲೇ ಇದೆ, ತಾನಾಗಿ ಬರುವುದಿಲ್ಲ.

ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ 8 ಜಿಬಿ ಪೆನ್‌ಡ್ರೈವ್‌ಗೆ ವಿಂಡೋಸ್ 10 ಇಳಿಸಿ. ಲ್ಯಾಪ್‌ಟಾಪ್ ಬಿಚ್ಚಿದ ಕೂಡಲೇ ಬ್ಯಾಟರಿ ಕನೆಕ್ಟರ್ ತೆಗೆಯಿರಿ, ಆಮೇಲೆ ಡಿಸ್ಕ್‌ಗೆ ಕೈ ಹಾಕಿ. ಬೂಟ್ ಮೆನುವಿಗೆ ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9. ಪ್ರಾಡಕ್ಟ್ ಕೀ ಕೇಳಿದರೆ ‘ನನ್ನ ಬಳಿ ಇಲ್ಲ’ ಅನ್ನಿ, ಎಡಿಷನ್ ಕೇಳಿದರೆ ಮೊದಲಿದ್ದದ್ದನ್ನೇ ಆರಿಸಿ. ಲೈಸೆನ್ಸ್ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುವುದರಿಂದ ಇಂಟರ್‌ನೆಟ್ ಸಿಕ್ಕ ಕೂಡಲೇ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಹಳೆಯ ಹಾರ್ಡ್‌ಡಿಸ್ಕನ್ನು ಯುಎಸ್‌ಬಿ ಕೇಸ್‌ಗೆ ಹಾಕಿಕೊಂಡರೆ ಫೈಲ್‌ಗಳನ್ನು ನಿಧಾನವಾಗಿ ಎತ್ತಿಕೊಳ್ಳಬಹುದು. ಎಲ್ಲ ಸರಿಯಿದೆ ಎಂದು ಖಾತ್ರಿಯಾಗುವವರೆಗೆ ಅದನ್ನು ಫಾರ್ಮ್ಯಾಟ್ ಮಾಡಬೇಡಿ. ಇಷ್ಟಾದ ಮೇಲೆ ಇಎಸ್‌ಯು ನೋಂದಣಿ ಇನ್ನೊಮ್ಮೆ ನೋಡಿ.

ಇದರಿಂದ ಮಷೀನ್‌ಗೆ ಜೀವ ಬರುತ್ತದೆ, ಆಯಸ್ಸು ಬರುವುದಿಲ್ಲ. ಇಎಸ್‌ಯು ಮುಗಿಯುವ ಹೊತ್ತಿಗೆ ಹೊಸದು ಬೇಕು. ಎಸ್‌ಎಸ್‌ಡಿ ಆಗ ಯುಎಸ್‌ಬಿ ಡ್ರೈವ್ ಆಗಿ ಕೆಲಸಕ್ಕೆ ಬರುತ್ತದೆ. ಈಗಾಗಲೇ ಹಿಂಜ್ ಮುರಿದಿದ್ದರೆ, ಬ್ಯಾಟರಿ ಉಬ್ಬಿದ್ದರೆ ಮಾತ್ರ ಇದಕ್ಕೆಲ್ಲ ಖರ್ಚು ಮಾಡದೆ ಸೀದಾ ಹೊಸದಕ್ಕೆ ಹೋಗಿ.

ಹೊಸದು ಕೊಳ್ಳುವಾಗ ಎಲ್ಲರೂ ಮುಗ್ಗರಿಸುವುದು ಪ್ರೊಸೆಸರ್ ಹೆಸರಿನಲ್ಲಿ. ರೈಜೆನ್ 5 7520ಯು ಮತ್ತು ರೈಜೆನ್ 5 7530ಯು, ಒಂದೇ ಅಂಕಿ ವ್ಯತ್ಯಾಸ. ಅಂಗಡಿಯಲ್ಲಿ ಎರಡನ್ನೂ ‘7000 ಸೀರೀಸ್ ರೈಜೆನ್ 5’ ಎಂದೇ ಮಾರುತ್ತಾರೆ. ಮೊದಲನೆಯದು 4 ಕೋರ್, 2019ರ ಝೆನ್ 2 ವಿನ್ಯಾಸ, ರ‍್ಯಾಮ್ ಬೋರ್ಡ್‌ಗೇ ಬೆಸೆದಿರುತ್ತದೆ. ಎರಡನೆಯದು 6 ಕೋರ್, ಝೆನ್ 3. ಆ ಸೀರೀಸ್‌ನಲ್ಲಿ ಮೂರನೇ ಅಂಕಿಯೇ ವಿನ್ಯಾಸದ ತಲೆಮಾರು: 2 ಇದ್ದರೆ ಬಿಡಿ, 3 ಅಥವಾ 4 ಇದ್ದರೆ ಸರಿ. ಇಂಟೆಲ್‌ನಲ್ಲಿ ಐ5-1335ಯು, ಕೋರ್ 5 120ಯು, ಐ5-13420ಎಚ್ ಇವು ನಿಮ್ಮ ಕೆಲಸಕ್ಕೆ ಧಾರಾಳ. ಐ3-ಎನ್305 ನೋಡಿ ‘8 ಕೋರ್’ ಎಂದು ಹಿಗ್ಗಬೇಡಿ, ಎಂಟೂ ಮಿತವ್ಯಯದ ಸಣ್ಣ ಕೋರ್‌ಗಳು. ‘40 ಟಾಪ್ಸ್ ಎನ್‌ಪಿಯು’, ಎಐ ಪಿಸಿ ಎಂಬ ಸ್ಟಿಕರ್‌ಗಾಗಿ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ. ಟ್ಯಾಲಿಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ.

ಸ್ನ್ಯಾಪ್‌ಡ್ರ್ಯಾಗನ್ ಲ್ಯಾಪ್‌ಟಾಪ್‌ಗಳ ಬ್ಯಾಟರಿ ಚೆನ್ನಾಗಿದೆ, ಆದರೆ ನಿಮಗೆ ಬೇಡ. ಅವು ಆರ್ಮ್ ಚಿಪ್. ಸಾಮಾನ್ಯ ಸಾಫ್ಟ್‌ವೇರ್‌ಗಳನ್ನು ಅನುವಾದಿಸಿಕೊಂಡು ಓಡಿಸುತ್ತವೆ, ಆದರೆ ಹೊರ ಸಾಧನಗಳನ್ನು ನಡೆಸುವ ಡ್ರೈವರ್‌ಗಳನ್ನು ಹಾಗೆ ಓಡಿಸಲಾರವು. ಡಿಜಿಟಲ್ ಸಿಗ್ನೇಚರ್ ಟೋಕನ್, ಹೆಬ್ಬೆಟ್ಟಿನ ಯಂತ್ರ, ಹಳೆಯ ಪ್ರಿಂಟರ್‌ಗೆ ಆರ್ಮ್ ಡ್ರೈವರ್ ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು.

ರ‍್ಯಾಮ್ 16 ಜಿಬಿ ಇರಲಿ. ಬೆಲೆ ಏರಿರುವುದರಿಂದ 8 ಜಿಬಿಯದೇ ಕೈಗೆಟಕಿದರೆ, ಖಾಲಿ ಸ್ಲಾಟ್ ಒಂದಾದರೂ ಇರುವ ಮಾಡೆಲ್ ಹುಡುಕಿ. ಪೂರ್ತಿ ಬೆಸೆದ 8 ಜಿಬಿ ಮಾತ್ರ ಬೇಡವೇ ಬೇಡ. ಪರದೆಗೆ ‘45% ಎನ್‌ಟಿಎಸ್‌ಸಿ, 250 ನಿಟ್ಸ್’ ಎಂದಿದ್ದರೆ ಬಣ್ಣ ಪೇಲವ, ಕಿಟಕಿ ಪಕ್ಕ ಕೂತರೆ ಮಸುಕು. ಅಂಗಡಿಯಲ್ಲಿ ಪರದೆಯನ್ನು ಹಿಂದಕ್ಕೆ ಬಾಗಿಸಿ ಕೆಳಗಿನಿಂದ ನೋಡಿ, ಬಣ್ಣ ತಿರುಗುಮುರುಗಾದರೆ ಅದು ಟಿಎನ್ ಪ್ಯಾನೆಲ್, ವಾಪಸ್ ಇಡಿ. ಚಾರ್ಜಿಂಗ್ ಟೈಪ್-ಸಿಯಲ್ಲಿ ಇದ್ದರೆ ಚಾರ್ಜರ್ ಕೆಟ್ಟ ದಿನ ಪರದಾಟ ತಪ್ಪುತ್ತದೆ. ತೀರಾ ಅಗ್ಗ ಎನಿಸಿದರೆ ‘ಡಾಸ್’ ಎಂದು ಬರೆದಿದೆಯೇ ನೋಡಿ, ಅದರಲ್ಲಿ ವಿಂಡೋಸ್ ಇರುವುದಿಲ್ಲ.

‘ಆಫೀಸ್ 2021 ಲೈಫ್‌ಟೈಮ್ ಫ್ರೀ’ ಎಂದು ಹಳೆಯ ಸ್ಟಾಕ್ ಕೊಟ್ಟರೆ, ಅದರ ಸಪೋರ್ಟ್ ಕೂಡ 2026ರ ಅಕ್ಟೋಬರ್ 13ಕ್ಕೇ ಕೊನೆ. ಆಫೀಸ್ 2024 ಇರುವುದಾದರೆ 2029ರ ಅಕ್ಟೋಬರ್‌ವರೆಗೆ ಚಿಂತೆಯಿಲ್ಲ. ಮೊದಲ ಸಲ ಆನ್ ಮಾಡುವುದನ್ನು ಅಂಗಡಿ ಹುಡುಗನ ಕೈಗೆ ಬಿಡಬೇಡಿ. ಬೇಗ ಮುಗಿಯಲಿ ಎಂದು ತನ್ನದೇ ಮೈಕ್ರೋಸಾಫ್ಟ್ ಅಕೌಂಟ್ ಹಾಕಿದನೋ, ಆಫೀಸ್ ಲೈಸೆನ್ಸ್ ಅವನ ಹೆಸರಿಗೆ. ವಿಂಡೋಸ್ 11ರ ಹೊಸ ವರ್ಷನ್‌ಗಳು ಡ್ರೈವ್ ಎನ್‌ಕ್ರಿಪ್ಷನ್ (ಡಿಸ್ಕ್‌ನ ಡೇಟಾಗೆ ಗುಪ್ತ ಬೀಗ) ತಾವೇ ಆನ್ ಮಾಡುತ್ತವೆ, ಅದರ 48 ಅಂಕಿಯ ರಿಕವರಿ ಕೀ ಕೂಡ ಅವನ ಅಕೌಂಟ್‌ಗೇ. ಮುಂದೊಂದು ದಿನ ಬಯಾಸ್ (ಮದರ್‌ಬೋರ್ಡ್‌ನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಆಗಿ ನೀಲಿ ಪರದೆಯಲ್ಲಿ ಆ ಕೀ ಕೇಳಿದರೆ, ಕೀ ಇಲ್ಲದೆ ಡೇಟಾ ಯಾರಿಂದಲೂ ತೆಗೆಯಲಾಗದು. ನಿಮ್ಮ ಅಕೌಂಟ್‌ನಲ್ಲೇ ಶುರು ಮಾಡಿ, ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದು ಬಿಲ್ ಜೊತೆ ಇಡಿ. ಬಿಲ್‌ನಲ್ಲಿ ನಿಮ್ಮ ಅಂಗಡಿಯ ಜಿಎಸ್‌ಟಿ ನಂಬರ್ ನಮೂದಿಸಲು ದುಡ್ಡು ಕೊಡುವ ಮುಂಚೆಯೇ ಹೇಳಿ: ನೀವು ಕಾಂಪೊಸಿಷನ್ ಸ್ಕೀಮ್‌ನಲ್ಲಿಲ್ಲದೆ, ಲ್ಯಾಪ್‌ಟಾಪ್ ವ್ಯಾಪಾರಕ್ಕೇ ಬಳಕೆಯಾಗುವುದಾದರೆ, 18% ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ತಗೊಳ್ಳಬಹುದು.